ಹೆಚ್ಚಾಯಿತೋ, ಹೆಚ್ಚಿಸಿದರೋ

ಮಾಳಮಡ್ಡಿ, ಧಾರವಾಡ

ಪ್ರೀತಿಯ ಮಗಳೆ,

ಅನೇಕ ಆಶೀರ್ವಾದಗಳು. ನಿನ್ನ ಹನ್ನೊಂದು ಇಂಗ್ಲಿಷ್ ಪ್ರಬಂಧಗಳ ಕಟ್ಟನ್ನೂ ಅದರ ಮೇಲಿದ್ದ ಪತ್ರವನ್ನೂ ಓದಿದೆ. ‘ಹಾವೇರಿಯ ಕನ್ನಡ ಶಾಲೆಯಲ್ಲಿ ಕಲಿತವಳ ಇಂಗ್ಲಿಷ್ ಎಷ್ಟಾದರೂ ಬಡವೇ, ಬರೆಯುವುದನ್ನೇ ಬಿಟ್ಟುಬಿಡಲೇ’ ಎಂದು ನೀನು ಕೇಳಿದ ಸಾಲು ಎರಡು ದಿನ ನನ್ನ ತಲೆಯಲ್ಲೇ ಕುಳಿತಿತ್ತು. ವ್ಯಾಕರಣದ ತಪ್ಪುಗಳು, ಪ್ರಕಾಶಕರ ವಿಳಾಸಗಳು ಇಂಥವನ್ನು ಯಾರಾದರೂ ಹೇಳಿಕೊಟ್ಟಾರು. ಅವುಗಳ ಬಗ್ಗೆ ನಾನು ಬರೆಯುವುದಿಲ್ಲ. ನಿನ್ನ ಭಾಷೆಯನ್ನು ಕೆಡಿಸಿರುವುದು ಬಡತನವಲ್ಲ, ಎರವಲು ಒಡವೆ. ವೇಗವನ್ನೋ ಏರಿಕೆಯನ್ನೋ ಹೇಳಬೇಕಾದಲ್ಲೆಲ್ಲ ನೀನು ಮೊಬೈಲಿನಲ್ಲಿ ಸಮಾನಾರ್ಥಕ ಪದಗಳ ಪಟ್ಟಿ ತೆರೆದು, ಅದರಲ್ಲಿ ಎಲ್ಲಕ್ಕಿಂತ ಉದ್ದವಾದ ಪದವನ್ನು ಆರಿಸಿಕೊಂಡಿದ್ದೀಯೆ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ನಿನ್ನ ಮೇಷ್ಟ್ರಿಗೆ ಇದು ಮೊದಲ ಪುಟದಲ್ಲೇ ತಿಳಿಯುತ್ತದೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ನಿನ್ನ ಅಜ್ಜಿ ಮೆಣಸಿನಕಾಯಿಯ ತೊಟ್ಟು ತೆಗೆಯುತ್ತಿದ್ದಾಗ, ಹೊತ್ತು ಮುಳುಗುತ್ತಿದ್ದಂತೆ ಅವಳ ಬೆರಳುಗಳು ‘ಆಕ್ಸಿಲರೇಟ್’ ಆದವು ಎಂದು ಬರೆದಿದ್ದೀಯೆ. ಧಾರವಾಡದ ಚಿಗರಿ ಬಸ್ಸು ನಿಲ್ದಾಣ ಬಿಟ್ಟು ವೇಗ ಹಿಡಿಯುವಾಗ ಆ ಮಾತು ಸಲ್ಲುತ್ತದೆ. ಅದೇ ಬಸ್ಸು ನೇರ ದಾರಿಯಲ್ಲಿ ಒಂದೇ ವೇಗದಿಂದ ಓಡುತ್ತಿದ್ದರೆ, ಎಷ್ಟೇ ಜೋರಾಗಿದ್ದರೂ, ಅದು ಸಲ್ಲುವುದಿಲ್ಲ. ಹೈಸ್ಕೂಲಿನಲ್ಲಿ ನೀನು ವೇಗೋತ್ಕರ್ಷ ಎಂದು ಓದಿದ್ದು ಇದನ್ನೇ. ಮೆಣಸಿನಕಾಯಿಯ ದರಕ್ಕೂ ಈ ಲೆಕ್ಕ ಅನ್ವಯಿಸುತ್ತದೆ. ಕ್ವಿಂಟಾಲಿಗೆ ವಾರವಾರವೂ ಸಾವಿರ ರೂಪಾಯಿ ಏರಿದರೆ ಅದು ಬರಿಯ ಏರಿಕೆ. ಒಂದು ವಾರ ಸಾವಿರ, ಮರುವಾರ ಎರಡು ಸಾವಿರ, ಅದರ ಮರುವಾರ ನಾಲ್ಕು ಸಾವಿರ ಏರಿದಾಗ ಮಾತ್ರ ಏರಿಕೆಗೇ ವೇಗ ಬಂದಿತು ಎನ್ನಬಹುದು. ಏರಿಕೆಯ ವೇಗ ತಗ್ಗಿದ್ದನ್ನು ದರವೇ ಇಳಿಯಿತೆಂದು ಬರೆಯುವವರು ಪತ್ರಿಕೆಗಳಲ್ಲಿ ಇಂದಿಗೂ ಇದ್ದಾರೆ. ನೀನು ಆ ಸಾಲಿಗೆ ಸೇರಬೇಡ.

ಅಜ್ಜಿಯ ಬೆರಳುಗಳಿಗೆ ಬೇಕಾದದ್ದು ‘ಕ್ವಿಕನ್’ ಎಂಬ ಚಿಕ್ಕ ಪದ. ಹಳೆಯ ಇಂಗ್ಲಿಷಿನಲ್ಲಿ ‘ಕ್ವಿಕ್’ ಎಂದರೆ ಜೀವವುಳ್ಳದ್ದು. ಉಗುರಿನ ಕೆಳಗಿನ ಮೆತ್ತನೆಯ, ಮುಟ್ಟಿದರೆ ನೋಯುವ ಮಾಂಸಕ್ಕೆ ಅವರು ಇಂದಿಗೂ ‘ಕ್ವಿಕ್’ ಎನ್ನುತ್ತಾರೆ. ಬಸುರಿಯ ಹೊಟ್ಟೆಯಲ್ಲಿ ಕೂಸು ಮೊದಲ ಸಲ ಮಿಸುಕಿದ್ದನ್ನು ‘ಕ್ವಿಕನಿಂಗ್’ ಎನ್ನುತ್ತಾರೆ. ನಾಡಿ, ಉಸಿರು, ಹೆಜ್ಜೆ, ಆಸೆ ಇವೆಲ್ಲ ಚುರುಕಾಗುವುದನ್ನು ಹೇಳುವ ಪದ ಅದು. ಮೆಣಸಿನಕಾಯಿಯ ಖಾರಕ್ಕೆ ಉಗುರಿನ ಸಂದಿಯೆಲ್ಲ ಉರಿಯುತ್ತಿತ್ತೆಂದು ನೀನೇ ಮುಂದಿನ ಸಾಲಿನಲ್ಲಿ ಬರೆದಿದ್ದೀಯಲ್ಲ! ಸರಿಯಾದ ಪದ ನಿನ್ನ ಅಜ್ಜಿಯ ಬೆರಳ ತುದಿಯಲ್ಲೇ ಇದ್ದಾಗ ನೀನು ಮೊಬೈಲಿನಲ್ಲಿ ಹುಡುಕುತ್ತಿದ್ದೆ. ಇದನ್ನು ಓದಿದಾಗ ನನಗೆ ನಿನ್ನ ಮೇಲೆ ನಿಜವಾಗಿ ಸಿಟ್ಟು ಬಂದಿತು.

‘ಎಸ್ಕಲೇಟ್’ ಪದವನ್ನು ನೀನು ದರಕ್ಕೂ ಮಳೆಗೂ ಜ್ವರಕ್ಕೂ ಬಳಸಿದ್ದೀಯೆ. ಎಸ್ಕಲೇಟರ್ ಎನ್ನುವುದು 1900ರ ಪ್ಯಾರಿಸ್ ಪ್ರದರ್ಶನದ ಕಾಲದಲ್ಲಿ ಚಲಿಸುವ ಮೆಟ್ಟಿಲಿಗೆ ಇಟ್ಟ ವ್ಯಾಪಾರದ ಹೆಸರು. 1950ರಲ್ಲಿ ಅಮೆರಿಕದಲ್ಲಿ ಅದರ ಮೇಲಿನ ಹಕ್ಕು ರದ್ದಾಗಿ ಎಲ್ಲರ ಮಾತಾಯಿತು. ಆ ಹೆಸರಿನಿಂದ ಹುಟ್ಟಿದ ಕ್ರಿಯಾಪದ ಶೀತಲ ಸಮರದ ಕಾಲದಲ್ಲಿ ಬಳಕೆಗೆ ಬಿದ್ದು, ಒಬ್ಬನು ಒಂದು ಮೆಟ್ಟಿಲು ಏರಿದರೆ ಎದುರಾಳಿ ಎರಡು ಏರುವ ಜಗಳದ ವಾಸನೆಯನ್ನು ಅಂಟಿಸಿಕೊಂಡಿತು. ನಿನ್ನ ಏಳನೆಯ ಪ್ರಬಂಧದಲ್ಲಿ ಹೊಲದ ಬದುವಿನ ಸಲುವಾಗಿ ಅಣ್ಣತಮ್ಮಂದಿರು ಮೊದಲು ಬೈದಾಡಿ, ಆಮೇಲೆ ಕಲ್ಲು ಕಿತ್ತು, ಕೊನೆಗೆ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಈ ಪದ ಅಲ್ಲಿಗೆ ಹೇಳಿ ಮಾಡಿಸಿದಂತಿದೆ. ಅಲ್ಲಿ ಮಾತ್ರ ನೀನು ಅದನ್ನು ಬಳಸಿಲ್ಲ.

ಕಚೇರಿಯ ಅರ್ಜಿಗಳಲ್ಲಿ ಬೇಗ ಮುಗಿಸಿಕೊಡಿ ಎನ್ನಲು ಬರುವ ‘ಎಕ್ಸ್‌ಪೆಡೈಟ್’ ಬಗ್ಗೆ ಒಂದೇ ಮಾತು: ಅದರ ಲ್ಯಾಟಿನ್ ಮೂಲದಲ್ಲಿ ಕಾಲಿನ ತೊಡಕು ಬಿಡಿಸುವ ಅರ್ಥವಿದೆ. ಆದ್ದರಿಂದ ಎಲ್ಲಿಯೋ ಸಿಕ್ಕಿಕೊಂಡ ಕಾಗದಪತ್ರಕ್ಕೆ ಅದು ಒಪ್ಪುತ್ತದೆ, ಓಡುವ ಕುದುರೆಗೆ ಒಪ್ಪುವುದಿಲ್ಲ. ‘ಹೇಸನ್’ ಎಂದರೆ ಬರಬೇಕಾದದ್ದನ್ನು ಬೇಗ ಬರಿಸುವುದು. ಸಾವಿನ ಜೊತೆ ಆ ಪದ ಮೇಲಿಂದ ಮೇಲೆ ಕಾಣಿಸಿಕೊಳ್ಳುವುದು ಅದಕ್ಕೇ.

‘ಎನ್‌ಹ್ಯಾನ್ಸ್’ ಬಗ್ಗೆ ಬರೆಯಲು ನನ್ನ ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ನಾನು ನಿನ್ನ ವಯಸ್ಸಿನವನಾಗಿದ್ದಾಗ, ನಮ್ಮೂರಿನಲ್ಲಿ ಇಂಗ್ಲಿಷ್ ಬಲ್ಲವನೆಂದು ಹೆಸರಾಗಿದ್ದೆ. ಆ ಹೊಗಳಿಕೆ ನನಗೆ ಬಹಳ ಹಿತವಾಗಿತ್ತು. ನೆರೆಮನೆಯ ಕಾಕಾ ಒಬ್ಬರು, ಸರಕಾರ ಅವರ ಎರಡು ಎಕರೆ ಹೊಲವನ್ನು ಸ್ವಾಧೀನಕ್ಕೆ ತೆಗೆದುಕೊಂಡಾಗ, ವಕೀಲರ ಕಡೆಯಿಂದ ಬಂದ ಕಾಗದವನ್ನು ನನ್ನ ಕೈಗೆ ಕೊಟ್ಟರು. ಪರಿಹಾರದ ‘ಎನ್‌ಹ್ಯಾನ್ಸ್‌ಮೆಂಟ್’ ಕೋರಿ ಗಡುವಿನೊಳಗೆ ಅರ್ಜಿ ಹಾಕಿಕೊಳ್ಳಬಹುದೆಂದು ಅದರಲ್ಲಿತ್ತು. ನಾನು ಓದಿದ ಹಮ್ಮಿನಲ್ಲಿ, ‘ಕಾಕಾ, ನಿಮ್ಮ ರೊಕ್ಕ ಹೆಚ್ಚಾಗತದ’ ಎಂದುಬಿಟ್ಟೆ. ಅವರು ಹೆಚ್ಚಾಗುವುದನ್ನೇ ಕಾಯುತ್ತ ಕುಳಿತರು. ಗಡುವು ಮುಗಿದು ಹೋಯಿತು. ಕೋರ್ಟಿನ ಭಾಷೆಯಲ್ಲಿ ಪರಿಹಾರವಾಗಲಿ ಶಿಕ್ಷೆಯಾಗಲಿ ತಾನಾಗಿ ‘ಎನ್‌ಹ್ಯಾನ್ಸ್’ ಆಗುವುದಿಲ್ಲ. ಅದನ್ನು ಯಾರೋ ಹೆಚ್ಚಿಸಬೇಕು, ಪರಿಹಾರವಾದರೆ ಯಾರೋ ಕೇಳಲೂಬೇಕು. ಕಾಕಾ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆಮೇಲೆ ಅವರು ನನ್ನ ಕೈಗೆ ಯಾವ ಕಾಗದವನ್ನೂ ಕೊಡಲಿಲ್ಲ.

ಅಂದಿನಿಂದ ಏರಿಕೆಯ ಯಾವ ಪದ ಕಂಡರೂ, ಏರಿಸಿದವರು ಯಾರು ಎಂದು ಕೇಳುತ್ತೇನೆ. ಇಂಗ್ಲಿಷಿನ ‘ಇನ್‌ಕ್ರೀಸ್’ ಎರಡೂ ಕೆಲಸ ಮಾಡುತ್ತದೆ. ತಾನಾಗಿ ಬೆಳೆದದ್ದಕ್ಕೂ ಒಬ್ಬರು ಬೆಳೆಸಿದ್ದಕ್ಕೂ ಅದೇ ಪದ. ಕನ್ನಡದಲ್ಲಿ ಹಾಗೆ ತಪ್ಪಿಸಿಕೊಳ್ಳಲಾಗದು. ಏರಿತು, ಏರಿಸಿದರು, ಹೆಚ್ಚಿತು, ಹೆಚ್ಚಿಸಿದರು, ಒಂದು ‘ಇಸು’ ಸೇರಿದೊಡನೆ ಮಾಡಿದವನು ಎದುರಿಗೆ ಬಂದು ನಿಲ್ಲುತ್ತಾನೆ. ‘ಬಾಡಿಗೆ ಇನ್‌ಕ್ರೀಸ್ ಆಯಿತು, ಅಪ್ಪನ ದುಡಿತ ಇನ್‌ಕ್ರೀಸ್ ಆಯಿತು’ ಎಂಬ ಅರ್ಥದ ಎರಡು ವಾಕ್ಯಗಳು ನಿನ್ನ ನಾಲ್ಕನೆಯ ಪ್ರಬಂಧದಲ್ಲಿ ಅಕ್ಕಪಕ್ಕ ಇವೆ. ಬಾಡಿಗೆಯನ್ನು ಏರಿಸಿದ ಒಬ್ಬ ಮಾಲೀಕನಿದ್ದಾನೆ, ಅದಕ್ಕಾಗಿ ಎರಡನೆಯ ಪಾಳಿಯನ್ನು ಹೊತ್ತುಕೊಂಡ ಒಬ್ಬ ತಂದೆಯಿದ್ದಾನೆ. ಇಬ್ಬರನ್ನೂ ಒಂದೇ ಪದದ ಹಿಂದೆ ಬಚ್ಚಿಟ್ಟಿದ್ದೀಯೆ. ಮಾಲೀಕನ ಭಯವೋ, ಅಪ್ಪನ ಮೇಲಿನ ಸಂಕೋಚವೋ ನನಗೆ ತಿಳಿಯದು. ಆದರೆ ಇಂಗ್ಲಿಷಿನಲ್ಲಿ ಬರೆದರೂ ಆ ಇಬ್ಬರನ್ನು ಕರ್ತೃಸ್ಥಾನದಲ್ಲಿ ನಿಲ್ಲಿಸಲು ಸಾಧ್ಯ. ಮೊದಲು ವಾಕ್ಯವನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೋ. ‘ಇಸು’ ಬಂದರೆ, ಅದನ್ನು ಇಂಗ್ಲಿಷಿಗೂ ಒಯ್ಯಿ.

ಕೊನೆಯ ಪ್ರಬಂಧದಲ್ಲಿ, ಅಜ್ಜ ತೀರಿದ ಮೇಲೆ ಅಜ್ಜಿ ಮಲಗುವ ಮುಂಚೆ ‘ದೀಪ ದೊಡ್ಡದು ಮಾಡು’ ಎಂದು ನಿನಗೆ ಹೇಳುತ್ತಾಳೆ. ನಮ್ಮ ಕಡೆ ದೀಪವನ್ನು ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ನೀನು ಅದನ್ನು ‘ಮೇಕ್ ದಿ ಲ್ಯಾಂಪ್ ಬಿಗ್’ ಎಂದೇ ಇಂಗ್ಲಿಷಿಗೆ ತಂದು, ಯಾವ ವಿವರಣೆಯನ್ನೂ ಕೊಡದೆ, ಮುಂದಿನ ವಾಕ್ಯದಲ್ಲಿ ಕೋಣೆಯನ್ನು ಕತ್ತಲು ಮಾಡಿದ್ದೀಯೆ. ಅಲ್ಲಿ ಓದುವುದನ್ನು ನಿಲ್ಲಿಸಿ ನಾನು ಸ್ವಲ್ಪ ಹೊತ್ತು ಅಂಗಳದಲ್ಲಿ ಅಡ್ಡಾಡಿ ಬಂದೆ. ಆ ಪುಟದಲ್ಲಿ ಯಾರು ಏನೇ ಹೇಳಿದರೂ ಒಂದಕ್ಷರವನ್ನೂ ತಿದ್ದಬೇಡ. ಉಳಿದ ಹತ್ತನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಈ ಪತ್ರದ ಜೊತೆ ಕಳಿಸಿದ್ದೇನೆ. ದೀಪಾವಳಿಯ ಒಳಗೆ ಹೊಸದಾಗಿ ಬರೆದುಕೊಂಡು ನೀನೇ ತೆಗೆದುಕೊಂಡು ಬಾ, ಅಜ್ಜಿಗೆ ಪ್ರಯಾಣ ಆಗುವಂತಿದ್ದರೆ ಅವರನ್ನೂ ಕರೆದುಕೊಂಡು ಬಾ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಮೇಷ್ಟ್ರು