ಎಲ್ಲದಕ್ಕೂ ‘ಒದ್ದೆ ಮಾಡು’ ಅಂತ ಅರ್ಥ ಕೊಟ್ಟರೆ ಹೇಗೆ?

ಸಂಪಾದಕರೇ,

ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಬರುವ ಇಂಗ್ಲಿಷ್ ಪದಗಳ ಪಟ್ಟಿಯನ್ನು ನಮ್ಮ ಸಕಲೇಶಪುರದ ಕಡೆ ಎಷ್ಟೋ ಮಕ್ಕಳು ಕತ್ತರಿಸಿ ನೋಟ್ ಪುಸ್ತಕಕ್ಕೆ ಅಂಟಿಸಿಕೊಳ್ಳುತ್ತಾರೆ. ಅಷ್ಟು ನಂಬಿಕೆ ಇರುವುದರಿಂದಲೇ ಈ ಪತ್ರ. ಈಚಿನ ಒಂದು ಪಟ್ಟಿಯಲ್ಲಿ ವೆಟ್, ಸೋಕ್, ಡಿಪ್, ಡ್ರೆಂಚ್, ಮಾಯ್ಸನ್ ಎಲ್ಲದಕ್ಕೂ ‘ಒದ್ದೆ ಮಾಡು, ನೆನೆಸು’ ಅಂತ ಒಂದೇ ಅರ್ಥ ಇತ್ತು. ಪೂರ್ತಿ ತಪ್ಪು ಅನ್ನಲಾರೆ. ಆದರೆ ಮಗು ಇದನ್ನು ನೋಡಿಕೊಂಡು ‘ಅಂಚೆಚೀಟಿ ಡ್ರೆಂಚ್ ಮಾಡಿ ಅಂಟಿಸಿದೆ’ ಅಂತ ಬರೆದರೆ, ಓದುವವರ ಕಣ್ಣಿಗೆ ಬರುವುದು ನೀರು ಸುರಿಯುತ್ತಿರುವ ಚೀಟಿ. ಅಲ್ಲಿ ಬೇಕಾಗಿದ್ದುದು ಮಾಯ್ಸನ್, ಅಂದರೆ ಬೇಕಂತಲೇ ಸ್ವಲ್ಪ ಪಸೆ ಮಾಡುವುದು.

ಈ ಪದಗಳಲ್ಲಿ ನೀರು ಎಷ್ಟು ಅನ್ನುವುದೊಂದೇ ಇಲ್ಲ. ನೀರು ಮೇಲಿಂದ ಬಿತ್ತೋ ಅಥವಾ ವಸ್ತುವೇ ನೀರಿಗೆ ಇಳಿಯಿತೋ, ಎಷ್ಟು ಹೊತ್ತು ಇತ್ತು, ಯಾತಕ್ಕೆ ಹಾಗೆ ಮಾಡಿದರು ಅನ್ನುವುದೆಲ್ಲ ಒಂದೇ ಪದದೊಳಗೆ ಕೂತಿರುತ್ತದೆ. ಡಿಪ್ ಅಂದರೆ ಅದ್ದಿ ತೆಗೆಯುವುದು, ಅಷ್ಟೇ, ಅಲ್ಲೇ ಬಿಡುವುದಲ್ಲ. ಸೋಕ್‌ಗೆ ಹೊತ್ತು ಬೇಕು. ರಾತ್ರಿ ಕಡಲೆ ನೆನೆಹಾಕುತ್ತೇವೆ, ಬಿತ್ತನೆ ಭತ್ತ ನೆನೆಹಾಕುತ್ತೇವೆ, ಅದು ಸೋಕ್. ಹೀರುವುದಕ್ಕೆ ಇಂಗ್ಲಿಷಿನಲ್ಲಿ ‘ಸಕ್’ ಅನ್ನುತ್ತಾರಲ್ಲ, ಸೋಕ್ ಅದರ ನಂಟಿನ ಪದವೇ. ಕಾಳು ನೀರು ಹೀರಿ ಉಬ್ಬುವುದನ್ನು ನೋಡಿದ ಮಗುವಿಗೆ ಇದನ್ನು ಒಂದು ಸಲ ಹೇಳಿದರೆ ಸಾಕು. ಸ್ಟೀಪ್ ಅನ್ನುವುದಕ್ಕೂ ನಿಘಂಟಿನಲ್ಲಿ ನೆನೆಸು ಅಂತಲೇ ಇರುತ್ತದೆ, ಆದರೆ ಸಾಮಾನ್ಯವಾಗಿ ಅದನ್ನು ಬಳಸುವುದು ಸಾರ ನೀರಿಗೆ ಇಳಿಯಬೇಕಾದಾಗ. ಕಡಲೆ ನೆನೆಸಿದಾಗ ನಮಗೆ ಬೇಕಾಗಿದ್ದು ಕಡಲೆ, ಟೀ ಸೊಪ್ಪು ಬಿಸಿನೀರಿಗೆ ಹಾಕಿಟ್ಟಾಗ ಬೇಕಾಗಿದ್ದು ಆ ನೀರು.

ಡ್ರೆಂಚ್ ಪದದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಅದು ನಮ್ಮ ತೋಟದಲ್ಲೂ ಓಡಾಡುವ ಪದ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ‘ಕುಡಿಸು’. ನಾವು ಕುಡಿ ಅನ್ನುವುದರಿಂದ ಕುಡಿಸು ಮಾಡಿಕೊಂಡ ಹಾಗೆ ಅವರು ಡ್ರಿಂಕ್‌ನಿಂದ ಡ್ರೆಂಚ್ ಮಾಡಿಕೊಂಡರು. ದನಕ್ಕೋ ಕುರಿಗೋ ಬಾಯಿಗೆ ಜಂತುಹುಳದ ಔಷಧಿ ಹುಯ್ಯುವುದಕ್ಕೆ ಪಶುವೈದ್ಯರು ಇವತ್ತಿಗೂ ಡ್ರೆಂಚಿಂಗ್ ಅಂತಲೇ ಹೇಳುತ್ತಾರೆ. ನಮ್ಮಲ್ಲಿ ಬಿದಿರಿನ ಗೊಟ್ಟದಲ್ಲಿ ಕುಡಿಸುತ್ತಿದ್ದರಲ್ಲ, ಅದೇ ಕೆಲಸ. ಮಳೆಯಲ್ಲಿ ತೊಯ್ದು ತೊಪ್ಪೆಯಾಗುವ ಅರ್ಥ ಆಮೇಲೆ ಬಂದಿದ್ದು. ಇಷ್ಟು ಹತ್ತಿರದ ಪದವನ್ನು ಸುಮ್ನೆ ‘ಒದ್ದೆ ಮಾಡು’ ಅಂತ ಬರೆದು ಮುಗಿಸಿದರೆ ಬೇಜಾರಾಗುತ್ತದೆ.

ಇನ್ನೊಂದು ತೊಡಕು ವಾಕ್ಯ ಕಟ್ಟುವಾಗ ಬರುತ್ತದೆ. ಕನ್ನಡದಲ್ಲಿ ನೆನೆ ಬೇರೆ, ನೆನೆಸು ಬೇರೆ. ತಾನಾಗಿ ಆದದ್ದು ಯಾವುದು, ನಾವು ಮಾಡಿದ್ದು ಯಾವುದು ಅಂತ ಕ್ರಿಯಾಪದವೇ ಹೇಳಿಬಿಡುತ್ತದೆ. ಇಂಗ್ಲಿಷಿನ ಡ್ರೆಂಚ್‌ಗೆ ಆ ಜೋಡಿ ಇಲ್ಲ. ‘ಮಳೆಯಲ್ಲಿ ನೆಂದೆ’ ಅನ್ನುವುದಕ್ಕೆ ಮಕ್ಕಳು ‘ಐ ಡ್ರೆಂಚ್ಡ್ ಇನ್ ದಿ ರೇನ್’ ಅಂತ ಬರೆಯುತ್ತಾರೆ, ಆಗಬೇಕಾದ್ದು ‘ಐ ಗಾಟ್ ಡ್ರೆಂಚ್ಡ್’. ಕೆಲವರು ‘ಐ ವೆಟ್ ಮೈಸೆಲ್ಫ್’ ಅಂತ ಬರೆದುಬಿಡುತ್ತಾರೆ. ಅದಕ್ಕೆ ಇಂಗ್ಲಿಷಿನಲ್ಲಿ ಬಟ್ಟೆಯಲ್ಲೇ ಮೂತ್ರ ಮಾಡಿಕೊಂಡೆ ಅನ್ನುವ ಅರ್ಥ ಬರುತ್ತದೆ. ನಾಳೆ ಬೆಂಗಳೂರಿಗೋ ಇನ್ನೆಲ್ಲಿಗೋ ಕೆಲಸಕ್ಕೆ ಹೋದ ಹುಡುಗಿ ನಾಲ್ಕು ಜನರ ಮುಂದೆ ಹಾಗೆ ಹೇಳಿ ತಲೆ ತಗ್ಗಿಸುವಂತಾಗಬಾರದು, ಅಲ್ವಾ? ಒಂದು ಸಾಲಿನ ಎಚ್ಚರಿಕೆ ಅಚ್ಚು ಮಾಡಿದರೆ ತಪ್ಪುವ ಮುಜುಗರ ಇದು. ಹಾಗೇ ಡೌಸ್ ಅಂದರೆ ನೀರೋ ಎಣ್ಣೆಯೋ ಮೈಮೇಲೆ ಸುರಿಯುವುದು, ಬೆಂಕಿ ಆರಿಸುವುದಕ್ಕೂ ಅದೇ ಪದ. ಡ್ಯಾಂಪನ್ ಅಂದರೆ ತುಸು ತೇವ ಮಾಡುವುದು, ಆದರೆ ಪೇಪರಿನಲ್ಲಿ ಅದು ಉತ್ಸಾಹ ಕುಗ್ಗಿಸುವ ಅರ್ಥದಲ್ಲೂ ಆಗಾಗ ಕಾಣುತ್ತದೆ.

ನಮ್ಮಲ್ಲಿ ಪದಗಳಿಗೆ ಬರ ಇಲ್ಲ. ಇಸ್ತ್ರಿ ಹಾಕುವಾಗ ಬಟ್ಟೆಗೆ ನೀರು ಚಿಮುಕಿಸುತ್ತೇವೆ, ಗದ್ದೆಗೆ ಹಾಯಿಸುತ್ತೇವೆ, ಮಗುವಿಗೆ ಎರೆಯುತ್ತೇವೆ, ಬಿಸ್ಕತ್ತನ್ನು ಕಾಫಿಗೆ ಅದ್ದುತ್ತೇವೆ, ಗಣಪತಿಯನ್ನು ಮುಳುಗಿಸುತ್ತೇವೆ. ಇವನ್ನೆಲ್ಲ ಬಿಟ್ಟು ಒದ್ದೆಯೊಂದನ್ನೇ ಯಾಕೆ ಹಿಡಿದುಕೊಳ್ಳಬೇಕು? ಪ್ರತಿ ಪದಕ್ಕೂ ಹೊಂದುವ ಕನ್ನಡದ ಕ್ರಿಯಾಪದ ಕೊಡಿ, ಜೊತೆಗೆ ಬಳಕೆಯ ಒಂದು ವಾಕ್ಯ ಹಾಕಿ. ಜಾಗ ಸಾಲದಿದ್ದರೆ ದಿನಕ್ಕೆ ಹತ್ತು ಪದದ ಬದಲು ನಾಲ್ಕೇ ಕೊಡಿ, ಪರವಾಗಿಲ್ಲ.

ಇದು ಬರೀ ಮಕ್ಕಳ ಮಾತೂ ಅಲ್ಲ. ಕಾಳುಮೆಣಸಿನ ಸೊರಗು ರೋಗಕ್ಕೆ ಎಲೆಗೆ ಶೇ 1ರ ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ದ್ರಾವಣ) ಸ್ಪ್ರೇ ಮಾಡಿ, ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ತಾಮ್ರದ ಔಷಧಿ ಡ್ರೆಂಚ್ ಮಾಡಿ ಅಂತ ತಜ್ಞರು ಹೇಳುತ್ತಾರೆ. ಇಲ್ಲಿ ಡ್ರೆಂಚ್ ಅಂದರೆ ಬಳ್ಳಿಗೆ 5ರಿಂದ 10 ಲೀಟರ್ ದ್ರಾವಣ, ಬುಡದ ಸುತ್ತಲ ಮಣ್ಣು ಕುಡಿಯುವ ಹಾಗೆ. ರೋಗ ತರುವ ಫೈಟಾಫ್ಥೊರಾ ಅನ್ನುವ ಸೂಕ್ಷ್ಮಜೀವಿ ಮಣ್ಣಿನಲ್ಲಿದ್ದು ಬೇರಿಗೂ ಹತ್ತುವುದರಿಂದ ಮೇಲೆ ಮೇಲೆ ಎರಚಿದರೆ ಅಲ್ಲಿಗೆ ಔಷಧಿ ಮುಟ್ಟುವುದೇ ಇಲ್ಲ. ಆದರೆ ಕೃಷಿ ಲೇಖನಗಳಲ್ಲಿ ಸ್ಪ್ರೇಗೂ ಡ್ರೆಂಚ್‌ಗೂ ‘ಸಿಂಪಡಿಸಿ’ ಅಂತಲೇ ಬರುತ್ತದೆ. ಓದಿದ ಬೆಳೆಗಾರರು ಬುಡಕ್ಕೂ ಪಂಪಿನಲ್ಲಿ ನಾಲ್ಕು ಸಲ ಆಡಿಸಿ ಮುಂದಿನ ಬಳ್ಳಿಗೆ ಹೋಗುತ್ತಾರೆ. ಔಷಧಿ, ಕೂಲಿ ಎರಡೂ ದಂಡ. ದಯವಿಟ್ಟು ಕೃಷಿ ಪುಟದಲ್ಲಿ ಎಲೆಗೆ ಸಿಂಪಡಿಸಿ, ಬುಡಕ್ಕೆ ಹುಯ್ಯಿರಿ ಅಂತ ಬೇರೆ ಬೇರೆಯಾಗಿ ಬರೆಯಿರಿ, ಎಷ್ಟು ಲೀಟರ್ ಅನ್ನುವುದನ್ನೂ ಅದೇ ಸಾಲಿನಲ್ಲಿ ಹಾಕಿ. ಈ ಮುಂಗಾರಿಗೆ ಮೊದಲೇ ಆದರೆ ಇನ್ನೂ ಒಳ್ಳೆಯದು.

– ಒಬ್ಬ ಇಂಗ್ಲಿಷ್ ಶಿಕ್ಷಕಿ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ