ಗುಂಡಾ, ರಸ್ತೆ ಚೆನ್ನಾಗೇ ಇತ್ತು ಕಣೋ

ಲೋ ಗುಂಡಾ,

ಮೊನ್ನೆ ಫೋನಲ್ಲಿ ಅಂದ್ಯಲ್ಲ, "ಕರೆಂಟ್ ಬಿಲ್ಲಿಲ್ಲ, ನೀರಿನ ಬಿಲ್ಲಿಲ್ಲ, ಬಾಡಿಗೆ ಇಲ್ಲ, ರಾಜನ ಥರ ಇದೀಯ ಬಿಡು" ಅಂತ, ಆಗ ಏನೂ ಹೇಳ್ದೆ ಸುಮ್ನಾದೆ. ಈಗ ಎಲ್ರೂ ಓದೋ ಹಾಗೇ ಬರೀತಿದೀನಿ, ಯಾಕಂದ್ರೆ ನನ್ನ ಥರ ಪುಟ್ಟ ಮನೆ ಕಟ್ಕೊಂಡು, ಕರೆಂಟ್ ಲೈನ್ ಇಲ್ದೇ ಸೋಲಾರಲ್ಲೇ ಬದುಕ್ಬೇಕು ಅನ್ನೋರು ತುಂಬಾ ಜನ ನಂಗೆ ಇದೇ ಮಾತು ಹೇಳ್ತಾರೆ.

ಬಿಲ್ ಬರಲ್ಲ, ನಿಜ. ಮನೆ ಕಾಲು ಭಾಗ ಆದ್ರೆ ಖರ್ಚೂ ಕಾಲು ಭಾಗ ಅನ್ಕೊಂಡೇ ನಾನೂ ಶುರು ಮಾಡಿದ್ದು. ಆದ್ರೆ ಅಡುಗೆಮನೆ, ಬಚ್ಚಲು, ಪೈಪು, ವೈರಿಂಗು, ದುಡ್ಡು ನುಂಗೋವೆಲ್ಲಾ ಅಲ್ಲೇ ಇರ್ತವೆ, ಕಮ್ಮಿ ಆಗೋದು ಖಾಲಿ ಜಾಗ, ಖಾಲಿ ಜಾಗಕ್ಕೆ ಎಷ್ಟು ಖರ್ಚಾಗುತ್ತೆ ಹೇಳು?

ಆಮೇಲೆ ಬ್ಯಾಟರಿ. ಸೋಲಾರ್ ಪ್ಯಾನೆಲ್ 25 ವರ್ಷ ಬಾಳುತ್ತೆ, ಅದ್ರ ಮೇಲೆ ನಂಗೆ ದೂರಿಲ್ಲ. ಮೊದ್ಲು ಹಾಕಿಸಿದ್ದು ನಾಲ್ಕು ಲೆಡ್ ಆಸಿಡ್ ಬ್ಯಾಟರಿ, ಒಂದೊಂದೂ 12 ವೋಲ್ಟ್, 150 ಎಎಚ್ (ಆಂಪಿಯರ್ ಅವರ್, ಎಷ್ಟು ಕರೆಂಟ್ ಹಿಡಿಯುತ್ತೆ ಅನ್ನೋ ಲೆಕ್ಕ). ಲೆಕ್ಕಕ್ಕೆ ಏಳು ಯೂನಿಟ್ ಚಿಲ್ಲರೆ, ಆದ್ರೆ ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಆಯಸ್ಸು ಹೋಗುತ್ತೆ, ಹಾಗಾಗಿ ಕೈಗೆ ಸಿಗೋದು ಮೂರೂವರೆ. ಅದ್ರಲ್ಲಿ ಫ್ರಿಜ್ಜಿಗೇ ಹತ್ತಿರ ಹತ್ತಿರ ಒಂದು, ಇನ್ನು ಇನ್ವರ್ಟರ್ ಏನೂ ಕೆಲಸ ಮಾಡ್ದೆ ಸುಮ್ನೆ ಆನ್ ಇದ್ರೂ 20 ವ್ಯಾಟ್ ಎಳೀತಾ ಇರುತ್ತೆ, ದಿನಕ್ಕೆ ಅರ್ಧ ಯೂನಿಟ್ ಅಲ್ಲೇ ಹೋಯ್ತು. ಮಳೆಗಾಲದಲ್ಲಿ ವಾರಗಟ್ಲೆ ಬ್ಯಾಟರಿ ಫುಲ್ ಆಗ್ಲೇ ಇಲ್ಲ. ಅರೆಹೊಟ್ಟೇಲಿಟ್ರೆ ಒಳಗಿನ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತ್ಕೊಳ್ಳುತ್ತೆ, ಆಮೇಲೆ ಎಷ್ಟು ಬಿಸಿಲಿದ್ರೂ ಚಾರ್ಜ್ ಹಿಡಿಯಲ್ಲ. ಎರಡೂವರೆ ವರ್ಷಕ್ಕೆ ನಾಲ್ಕೂ ಹೋದವು.

ನೀರಿನ ಕಥೆ ಗೊತ್ತಲ್ಲ, ಛಾವಣಿ ಮೇಲೆ ಬೀಳೋ ಮಳೆನೇ ಹಿಡಿದಿಡೋದು. ತಗಡು 20 ಚದರ ಮೀಟರ್, ಒಂದು ಮಿಲಿಮೀಟರ್ ಮಳೆ ಬಿದ್ರೆ 20 ಲೀಟರ್. ಟ್ಯಾಂಕಿನ ಮೇಲೆ ದಿನಾ ಸೀಮೆಸುಣ್ಣದಲ್ಲಿ ಗೆರೆ ಎಳೀತೀನಿ.

ಇಷ್ಟೇ ಬರೆದು ಮುಗಿಸೋಣ ಅಂತ ಕೂತಿದ್ದೆ. ಆದ್ರೆ ಒಂದು ವಿಷ್ಯ ಹೇಳ್ದೆ ಇರಕ್ಕಾಗ್ತಿಲ್ಲ.

ಆ ಮಳೆಗಾಲದಲ್ಲಿ ನೀನು ಮನೆಯವ್ರನ್ನೆಲ್ಲ ಕರ್ಕೊಂಡು ಬರ್ತೀನಿ ಅಂದಾಗ ರಸ್ತೆ ಕೊಚ್ಕೊಂಡು ಹೋಗಿದೆ ಅಂದಿದ್ನಲ್ಲ, ಸುಳ್ಳು ಕಣೋ. ರಸ್ತೆ ಚೆನ್ನಾಗೇ ಇತ್ತು. ನೀನು ಮಾತಾಡ್ತಿರೋವಾಗ ನಾನು ಬ್ಯಾಟರಿ ಮೀಟರ್ ಮುಂದೆ ನಿಂತಿದ್ದೆ, 11.9 ವೋಲ್ಟ್ ತೋರಿಸ್ತಿತ್ತು, ಅಂದ್ರೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ನಾಲ್ಕು ಜನ, ನಾಲ್ಕು ಸ್ನಾನ, ನೀರಿನ ಬದಲು ಮರದಪುಡಿ ಹಾಕೋ ಟಾಯ್ಲೆಟ್ಟಿನ ಡಬ್ಬ ದಿನಾ ಖಾಲಿ ಮಾಡ್ಬೇಕು, ಚಿಕ್ಕವಳಿಗೆ ಲೈಟ್ ಆರಿಸಿದ್ರೆ ನಿದ್ದೆ ಬರಲ್ಲ, ರಾತ್ರಿಯಿಡೀ ಉರೀಬೇಕು, ಹೀಗೆ ಒಂದೊಂದೇ ಕೂಡ್ತಾ ಹೋದೆ, ಬಾಯಲ್ಲಿ ರಸ್ತೆ ವಿಷ್ಯ ಬಂದ್ಬಿಡ್ತು. 5 ವ್ಯಾಟ್ ಬಲ್ಬು ಹತ್ತು ಗಂಟೆ ಉರಿದ್ರೆ ಒಂದು ಯೂನಿಟ್‌ನಲ್ಲಿ ಇಪ್ಪತ್ತನೇ ಒಂದು ಪಾಲು. ಅಷ್ಟನ್ನೂ ಎಣಿಸಿದೆ, ನಿನ್ನ ಮಗಳದ್ದನ್ನ.

ಈಗ ಲಿಥಿಯಂ ಹಾಕ್ಸಿದೀನಿ. ದುಬಾರಿ, ಆದ್ರೆ ನೂರಕ್ಕೆ ಎಂಬತ್ತು ಭಾಗ ಧೈರ್ಯವಾಗಿ ಬಳಸ್ಬೋದು. ಬ್ಯಾಟರಿ ಬದಲಾಯ್ತು, ನಾನು ಬದಲಾಗ್ಲಿಲ್ಲ ಅನ್ನೋದು ಹೋದ ವಾರ ಗೊತ್ತಾಯ್ತು. ಅಕ್ಕನ ಫೋನ್ ಬಂತು, "ಬರ್ಲಾ?" ಅಂದ್ಳು, ಉತ್ತರ ಕೊಡೋಕ್ ಮುಂಚೆ ನನ್ನ ಕಣ್ಣು ಮೀಟರ್ ಕಡೆ ಹೋಯ್ತು, ಫುಲ್ ಚಾರ್ಜ್ ಇತ್ತು, ಆದ್ರೂ ಹೋಯ್ತು. ಆ ರಾತ್ರಿ ಸರಿಯಾಗಿ ನಿದ್ದೆ ಬರ್ಲಿಲ್ಲ ಗುಂಡಾ. ಈ ಮನೆ ನಂಗೆ ತುಂಬಾ ಇಷ್ಟ, ಬಿಟ್ಟು ಹೋಗಲ್ಲ, ಆದ್ರೆ ಬರೋರನ್ನ ವ್ಯಾಟ್‌ನಲ್ಲಿ ಅಳೆಯೋ ಮನುಷ್ಯ ಆಗೋಕೆ ಇಷ್ಟ ಇಲ್ಲ.

ಸರಿ, ಸಾಕು, ಬೇಕಿದ್ದಕ್ಕಿಂತ ಜಾಸ್ತಿನೇ ಬರ್ದೆ.

ರಜಾ ಸಿಕ್ಕಿದ ತಕ್ಷಣ ಎಲ್ರೂ ಬನ್ನಿ. ಮೋಡ ಇದ್ರೂ ಬನ್ನಿ. ಚಿಕ್ಕವಳಿಗೆ ಹೇಳು, ಅಂಕಲ್ ಮನೇಲಿ ರಾತ್ರಿ ಲೈಟ್ ಆರ್ಸಲ್ಲ ಅಂತ.

ನಿನ್ನವನೇ