ನೆರಳಿದೆ, ಸೂರ್ಯನೆಲ್ಲಿ?

ಮಗಳೇ,

ಮೊನ್ನೆ ಫೋನಿನಲ್ಲಿ ನಿನ್ನ ದನಿ ಬಹಳ ಸೋತಿತ್ತು. ಹಂಪಿಯ ಹಳೆಯ ಫೋಟೊ ಕೊಟ್ಟು ‘ನೋಡಿ ಚಿತ್ರ ಬರೆಯಿರಿ’ ಎಂದರೆ, ನಿನ್ನ ನಾಲ್ಕನೇ ತರಗತಿಯ ಮಕ್ಕಳು ಎರಡೇ ನಿಮಿಷಕ್ಕೆ ‘ಆಯ್ತು ಟೀಚರ್’ ಎಂದು ಹಾಳೆ ತಂದರಂತೆ. ಅರ್ಧ ಹಾಳೆಗಳಲ್ಲಿ ಎರಡು ತ್ರಿಕೋನ ಬೆಟ್ಟ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನ ಮರ! ನಗು ಬಂತು, ನಾಚಿಕೆಯೂ ಆಯಿತು. ಆ ಬೆಟ್ಟ, ಸೂರ್ಯ, ತೆಂಗಿನ ಮರಗಳನ್ನು ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಬರೆದು ಮಕ್ಕಳ ಕೈಗೆ ಅಂಟಿಸಿದ ಡ್ರಾಯಿಂಗ್ ಮಾಸ್ತರರಲ್ಲಿ ನಾನೂ ಒಬ್ಬ.

ನೀನು ಆರಿಸಿದ ಫೋಟೊ ಒಳ್ಳೆಯದೇ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಕಲ್ಲಿನ ರಥದ ಚಿತ್ರ. ಆದರೆ ಕೊಡುವ ಮೊದಲೇ ನೀನು ಕಥೆಯನ್ನೆಲ್ಲ ಹೇಳಿಬಿಟ್ಟೆ. ಕೇಳಿ ಮುಗಿದ ಮೇಲೆ ಅವರು ನೋಡುವುದು ಏನುಳಿಯಿತು?

ಈ ಸಲ ಬಾಯಿ ಮುಚ್ಚಿಕೊಂಡಿರು. ಮೊದಲು ಐವತ್ತರ ಹೊಸ ನೋಟು ಕೊಡು, 2017ರಲ್ಲಿ ಬಂದ ಆ ತಿಳಿನೀಲಿಯದು. ಅದರ ಹಿಂಬದಿಯ ರಥವನ್ನು ನೋಡಲಿ. ಆಮೇಲೆ ಗ್ರೀನ್‌ಲಾ ಫೋಟೊ ಪಕ್ಕಕ್ಕಿಟ್ಟು ಕಾಯುತ್ತಿರು. ‘ಟೀಚರ್, ಇದರ ತಲೆಯ ಮೇಲೆ ಏನೋ ಇದೆ’ ಎಂದು ಯಾರಾದರೂ ಕೂಗಿಯೇ ಕೂಗುತ್ತಾರೆ. ಗ್ರೀನ್‌ಲಾ ಕಾಲದಲ್ಲಿ ರಥದ ಮೇಲೆ ಇಟ್ಟಿಗೆ ಗಾರೆಯ ಗೋಪುರವಿತ್ತು, ಮುಂದೆ ಅದನ್ನು ತೆಗೆದುಹಾಕಿದರು. ಇದನ್ನು ನೀನಾಗಿ ಹೇಳಿದರೆ ಪಾಠ, ಅವರೇ ಕಂಡುಕೊಂಡರೆ ಅದು ಅವರದು.

ನಿವೃತ್ತಿಗೆ ಮುಂಚೆ, ತಡವಾಗಿಯಾದರೂ, ನಾನು ಇದನ್ನು ಮಾಡಿ ನೋಡಿದ್ದೆ. ರಟ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ಕಿಟಕಿ ಕತ್ತರಿಸಿ, ಅದನ್ನು ಫೋಟೊ ಮೇಲೆ ಸರಿಸುತ್ತ ಕಂಡಷ್ಟನ್ನೇ ಬರೆಯಲು ಹೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ, ಮಗ್ಗಿ ಕೇಳಿದರೆ ಬೆವರುವವನು, ಬಹಳ ಹೊತ್ತು ಒಂದೇ ಕಡೆ ಕಿಟಕಿ ಹಿಡಿದು ಕೂತಿದ್ದ. ಕೊನೆಗೆ ಮೆಲ್ಲಗೆ ಹೇಳಿದ: ‘ಮರ ನಡುಗಿದೆ ಸರ್. ಕಲ್ಲು ನಡುಗಿಲ್ಲ.’ ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ನಿಜ! ಎಲೆಗಳೆಲ್ಲ ಹೊಗೆಯಂತೆ ಕಲಸಿಹೋಗಿದ್ದವು. ಅವನು ಕಲ್ಲನ್ನು ಚೂಪು ಪೆನ್ಸಿಲಿನಲ್ಲಿ ಗೀರಿದ, ಮರಕ್ಕೆ ಇದ್ದಿಲು ಹಚ್ಚಿ ಹೆಬ್ಬೆರಳಿನಿಂದ ತಿಕ್ಕಿದ. ಆ ತಿಕ್ಕುವಿಕೆಯನ್ನು ನಾನು ಯಾರಿಗೂ ಕಲಿಸಿರಲಿಲ್ಲ.

ಕಾರಣ ಆಮೇಲೆ ಹೇಳಿದೆ. ಆಗ ಮೇಣ ಹೀರಿದ ಕಾಗದವೇ ನೆಗೆಟಿವ್. ಬೆಳಕನ್ನು ಹಿಡಿಯಲು ಅದಕ್ಕೆ ನಿಮಿಷಗಟ್ಟಲೆ ಬೇಕು. ಅಷ್ಟರಲ್ಲಿ ಗಾಳಿಗೆ ಎಲೆ ಅಲುಗುತ್ತದೆ, ನಡೆದು ಹೋದವರು ಮೂಡುವುದೇ ಇಲ್ಲ. ಅಂಗಳ ಖಾಲಿ ಕಂಡಿತೆಂದು ಅಲ್ಲಿ ಯಾರೂ ಇರಲಿಲ್ಲ ಎನ್ನಲಾಗದು. ಅಲ್ಲಿ ಯಾರು ಹಾದುಹೋಗಿರಬಹುದು ಎಂದು ಮಕ್ಕಳು ಬರೆಯಲಿ, ಆದರೆ ಕೆಂಪು ಬಣ್ಣದಲ್ಲಿ. ಕಂಡದ್ದಕ್ಕೆ ಪೆನ್ಸಿಲ್, ಊಹಿಸಿದ್ದಕ್ಕೆ ಕೆಂಪು. ಇದರಲ್ಲಿ ಮಾತ್ರ ನಾನು ಹಠಮಾರಿ, ನಿನಗೆ ಗೊತ್ತೇ ಇದೆ.

ಇನ್ನು ಆ ಸೂರ್ಯ. ಆ ಕಾಗದಕ್ಕೆ ನೀಲಿ ಬೆಳಕು ಬೇಗ ಹತ್ತುತ್ತಿದ್ದುದರಿಂದ ಆಕಾಶ ಬರೀ ಬಿಳಿಯಾಗಿಬಿಡುತ್ತಿತ್ತು. ಮೋಡವಿಲ್ಲ, ಸೂರ್ಯನಿಲ್ಲ, ಆದರೆ ಕಂಬದ ಕೆಳಗೆ ನೆರಳಿದೆ. ‘ಸೂರ್ಯ ಎಲ್ಲಿದ್ದ, ಬೆರಳು ತೋರಿಸಿ’ ಎಂದು ಕೇಳು. ಎರಡು ಬೆಟ್ಟದ ನಡುವೆ ಎಂದು ಯಾರೂ ಹೇಳಲಾರರು.

ಶಾಲೆಯವರು ಒಪ್ಪಿದರೆ ಹಂಪಿಗೇ ಕರೆದುಕೊಂಡು ಹೋಗು, ನಿಮಗೆ ಒಂದು ಗಂಟೆಯ ದಾರಿ. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನು ಹುಡುಕಿ ಮತ್ತೆ ಫೋಟೊ ತೆಗೆದರು. ನಿನ್ನ ಮಕ್ಕಳೂ ಫೋಟೊ ಹಿಡಿದು ಹಿಂದೆ ಮುಂದೆ ಸರಿದು ಆ ಜಾಗ ಹುಡುಕಲಿ. ರಥದ ಮುಂದಿರುವ ಕಲ್ಲಿನ ಆನೆಗಳ ಹಿಂದೆ ಕುದುರೆಯ ಹಿಂಗಾಲು, ಬಾಲದ ಗುರುತಿದೆ. ಅದನ್ನೂ ಹೇಳಬೇಡ.

ಕಿಟಕಿ ಕತ್ತರಿಸಿದ ರಟ್ಟುಗಳನ್ನು ಭಾನುವಾರದ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ಮೂವತ್ತೆರಡಿವೆ, ಎಣಿಸಿಕೋ. ಮೇಲಿನ ಡಬ್ಬಿ ಚಕ್ಕುಲಿಯದು, ಅಮ್ಮ ಇಟ್ಟದ್ದು.

ನಿನ್ನ,
ಅಪ್ಪ